ಹಿಂದಿನ ಸಾಲಿನ ಶಾಸಕರ ಕೆಲಸ: ಅರ್ಜಿಯಿಂದ ಸದನಕ್ಕೆ, ಸದನದಿಂದ ಮರಳಿ ಊರಿಗೆ

ವಿಧಾನಸಭೆಯಲ್ಲಿ 224 ಸದಸ್ಯರಿರುವ ನಮ್ಮ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿದಂತೆ 34ಕ್ಕಿಂತ ಹೆಚ್ಚು ಮಂದಿ ಮಂತ್ರಿಗಳಾಗುವಂತಿಲ್ಲ. 2003ರ ಸಂವಿಧಾನ ತಿದ್ದುಪಡಿ ವಿಧಿಸಿದ ಶೇ 15ರ ಮಿತಿ ಅದು. ಆದ್ದರಿಂದ ಯಾವುದೇ ಕಾಲಕ್ಕೆ ಏನಿಲ್ಲವೆಂದರೂ 190 ಮಂದಿ ಶಾಸಕರು ಮಂತ್ರಿಗಿರಿಯಿಲ್ಲದೆಯೇ ಕ್ಷೇತ್ರದ ಜನರ ಕೆಲಸವನ್ನೂ ಸರ್ಕಾರದ ಮೇಲಿನ ನಿಗಾವನ್ನೂ ನಡೆಸಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯಿಂದ 18, ವಿಜಯಪುರದಿಂದ 8, ಬಾಗಲಕೋಟೆಯಿಂದ 7 ಎಂದು ಈ ಮೂರು ಜಿಲ್ಲೆಗಳಿಂದ 33 ಮಂದಿ ವಿಧಾನಸಭೆಗೆ ಹೋಗುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಮಂತ್ರಿಗಿರಿಯಿಲ್ಲದೆ ಸದನದ ಹಿಂದಿನ ಸಾಲಿನಲ್ಲೇ ಕೂರುವವರು.

ಬಾಗಲಕೋಟೆ ಜಿಲ್ಲೆಯ ಶಾಸಕರೊಬ್ಬರ ಬಳಿ ಎರಡು ಅವಧಿ ಆಪ್ತ ಸಹಾಯಕನಾಗಿ ದುಡಿದವನು ನಾನು. ಮೊದಲ ಬಾರಿಗೆ ಗೆದ್ದು ಬಂದ ಶಾಸಕರಿಗೆ, ಅವರ ಕಚೇರಿಯಲ್ಲಿ ಕೂತು ಅರ್ಜಿ ಪಡೆಯುವ ಹುಡುಗರಿಗೆ, ಹಾಗೂ ತಮ್ಮ ಶಾಸಕರಿಂದ ಏನು ಕೇಳಬಹುದು ಎಂದು ತಿಳಿಯಬಯಸುವ ಮತದಾರರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹಿಂದಿನ ಸಾಲಿನ ಶಾಸಕರ ಕೈಯಲ್ಲಿ ಇಲಾಖೆಯಿಲ್ಲ, ಸಹಿ ಹಾಕುವ ಕಡತವಿಲ್ಲ. ಇರುವುದು ಜನ ತಂದುಕೊಟ್ಟ ಕಾಗದ ಮತ್ತು ಸದನದಲ್ಲಿ ಕೇಳುವ ಹಕ್ಕು. ಈ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿಕೊಂಡವರಿಗೆ ಮಾತ್ರ ಕೆಲಸ ಕೈಗೂಡುತ್ತದೆ ಎಂಬುದು ನನ್ನ ಅನುಭವ.

ಅರ್ಜಿಯ ದಾಖಲೆ ಪುಸ್ತಕ

ಬೆಳಗಿನ ಹೊತ್ತು ಶಾಸಕರ ಮನೆಯ ಮುಂದೆ ಸೇರುವ ಜನರ ಕೈಯಲ್ಲಿ ತರಹೇವಾರಿ ಕಾಗದಗಳಿರುತ್ತವೆ. ನಿಂತುಹೋದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನ, ಉತಾರದಲ್ಲಿ (ಪಹಣಿ) ತಪ್ಪಾಗಿ ಬಿದ್ದ ಹೆಸರು, ಪೋಡಿ (ಅಳತೆ ಮಾಡಿ ಪ್ರತ್ಯೇಕಿಸುವುದು) ಆಗದ ಹೊಲ, ಸುಟ್ಟುಹೋದ ಟಿಸಿ (ವಿದ್ಯುತ್ ಪರಿವರ್ತಕ), ಕಾರ್ಖಾನೆಯಿಂದ ಬಾರದ ಕಬ್ಬಿನ ಬಿಲ್ಲು ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಶಾಸಕರು ಅರ್ಜಿಯ ಮೂಲೆಯಲ್ಲಿ 'ನಿಯಮಾನುಸಾರ ಕ್ರಮ ಕೈಗೊಳ್ಳಿ' ಎಂದು ಬರೆದು ಸಹಿ ಮಾಡಿ ಮರಳಿ ಅರ್ಜಿದಾರರ ಕೈಗೇ ಕೊಡುವುದು ಬಹುತೇಕ ಕಡೆ ನಡೆದುಬಂದ ರೂಢಿ. ಅರ್ಜಿದಾರರಿಗೆ ಅಷ್ಟರಿಂದ ಸಮಾಧಾನವಾಗುತ್ತದೆ, ಆದರೆ ಶಾಸಕರ ಬಳಿ ಏನೂ ಉಳಿಯುವುದಿಲ್ಲ. ಆ ರೂಢಿಯನ್ನು ಮೊದಲ ದಿನವೇ ಬಿಡಬೇಕು.

ಒಂದು ದಪ್ಪ ದಾಖಲೆ ಪುಸ್ತಕ ತೆರೆಯಿರಿ. ಕಂಪ್ಯೂಟರ್ ಬಲ್ಲವರಿದ್ದರೆ ಅದರಲ್ಲೂ ಇಡಿ. ಕ್ರಮಸಂಖ್ಯೆ, ದಿನಾಂಕ, ಹೆಸರು, ಊರು, ಫೋನು, ಒಂದೇ ಸಾಲಿನಲ್ಲಿ ಬೇಡಿಕೆ, ಸಂಬಂಧಪಟ್ಟ ಕಚೇರಿ, ಆ ಕಚೇರಿಯ ಟಪಾಲು ವಿಭಾಗ ಕೊಟ್ಟ ಸ್ವೀಕೃತಿ ಸಂಖ್ಯೆ, ಮತ್ತೆ ವಿಚಾರಿಸಬೇಕಾದ ದಿನಾಂಕ ಇವಿಷ್ಟು ಅಂಕಣ ಸಾಕು. ಸಕಾಲ ಕಾಯ್ದೆಯ ವ್ಯಾಪ್ತಿಗೆ ಬರುವ ಸೇವೆಯಾದರೆ ಅರ್ಜಿದಾರರು ಈಗಾಗಲೇ ಅರ್ಜಿ ಹಾಕಿದ್ದಾರೆಯೇ, ಹಾಕಿದ್ದರೆ ಸಕಾಲ ಸಂಖ್ಯೆ ಏನು ಎಂದು ಮೊದಲು ಕೇಳಿ. 2011ರ ಆ ಕಾಯ್ದೆಯ ಪ್ರಕಾರ ಅಧಿಕಾರಿ ನಿಗದಿತ ದಿನಗಳೊಳಗೆ ಸೇವೆ ಒದಗಿಸಬೇಕು, ಇಲ್ಲವಾದರೆ ಮೇಲ್ಮನವಿಗೆ ಅವಕಾಶವಿದೆ. ಇಂಥ ಕೆಲಸಕ್ಕೆ ಶಾಸಕರ ಪತ್ರಕ್ಕಿಂತ ಆ ಸಂಖ್ಯೆಗೇ ಹೆಚ್ಚು ಬಲ.

ಪ್ರತಿ ಶನಿವಾರ ಆ ಪುಸ್ತಕವನ್ನು ತಿರುವಿ ಹಾಕಿ ಓದಬೇಕು. ಒಂಟಿ ಅರ್ಜಿ ಯಾವುದು, ಒಂದೇ ಬಗೆಯ ಹತ್ತಾರು ಅರ್ಜಿ ಎಲ್ಲಿಂದ ಬರುತ್ತಿವೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಒಬ್ಬ ಅಜ್ಜಿಯ ವೇತನ ನಿಂತಿದ್ದರೆ ಅದು ತಹಶೀಲ್ದಾರ ಕಚೇರಿಗೆ ಹೋಗಬೇಕಾದ ಕೆಲಸ. ಒಂದೇ ಹೋಬಳಿಯ ಇಪ್ಪತ್ತು ಮಂದಿಯ ವೇತನ ಒಂದೇ ತಿಂಗಳಲ್ಲಿ ನಿಂತಿದ್ದರೆ ಅಲ್ಲಿ ಆಧಾರ್ ಜೋಡಣೆಯೋ ಬ್ಯಾಂಕ್ ಖಾತೆಯೋ ಕೈಕೊಟ್ಟಿರುತ್ತದೆ. ಅದು ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗೂ ಸದನಕ್ಕೂ ಹೋಗಬೇಕಾದ ವಿಷಯ.

ಶಿಫಾರಸು ಪತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಗಾವಣೆಗೆ, ಟೆಂಡರಿಗೆ, ಪೊಲೀಸ್ ಠಾಣೆಯ ಪ್ರಕರಣಗಳಿಗೆ ಪತ್ರ ಕೊಡುತ್ತಾ ಹೋದ ಶಾಸಕರ ದಿನವೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಇಂದು ಯಾವ ಅಧಿಕಾರಿಯ ವರ್ಗಾವಣೆಗೆ ಪತ್ರ ಕೊಟ್ಟಿರೋ ಅದೇ ಅಧಿಕಾರಿಯನ್ನು ನಾಳೆ ಸಭೆಯಲ್ಲಿ ಲೆಕ್ಕ ಕೇಳಲು ಬಾಯಿ ಬರುವುದಿಲ್ಲ.

ಪ್ರಶ್ನೆ ಬರೆಯುವ ಬಗೆ

ಸದನದಲ್ಲಿ ಹಿಂದಿನ ಸಾಲಿನವರಿಗೆ ಇರುವ ಅತಿ ದೊಡ್ಡ ಸಾಧನ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಹೊಸಬರು ಚುಕ್ಕೆ ಗುರುತಿನದಕ್ಕೇ ಆಸೆಪಡುತ್ತಾರೆ, ಏಕೆಂದರೆ ಅದು ಟಿವಿಯಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಗ್ರಾಮವಾರು ಅಂಕಿ ಅಂಶ ಬೇಕಾದಾಗ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಮೇಲು. ಮಂತ್ರಿ ಎರಡು ನಿಮಿಷದಲ್ಲಿ ಬಾಯಲ್ಲಿ ಹೇಳಲಾಗದ್ದು ಅನುಬಂಧದ ಹತ್ತು ಪುಟಗಳಲ್ಲಿ ಬರುತ್ತದೆ.

ನಾವೇ ಎಡವಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಕಟ್ಟಿಕೊಟ್ಟ ಒಂದು ಪುನರ್ವಸತಿ ಕೇಂದ್ರದಿಂದ ಹಿರಿಯರೊಬ್ಬರು ಬಂದಿದ್ದರು. "ಸಾಹೇಬ್ರ, ಜಾಗಾ ಕೊಟ್ಟಾರ, ಮನಿ ಕಟ್ಟೀವಿ. ಕಾಗದಾ ಕೊಟ್ಟಿಲ್ಲರಿ. ಬ್ಯಾಂಕಿನ್ಯಾಗ ಕಾಗದಾ ತಾ ಅಂತಾರ" ಎಂದು ಅವರು ಪ್ಲಾಸ್ಟಿಕ್ ಚೀಲದಿಂದ ಮಾಸಿದ ಹಂಚಿಕೆ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಕ್ಕುಪತ್ರವಿಲ್ಲದೆ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ಆಗದು, ಇ-ಸ್ವತ್ತು ಇಲ್ಲದೆ ಸಾಲ ಸಿಗದು, ಮಕ್ಕಳಿಗೆ ವಾಟ್ನಿಯೂ (ಆಸ್ತಿಯ ಪಾಲು) ಆಗದು. ದಾಖಲೆ ಪುಸ್ತಕ ನೋಡಿದರೆ ಅದೇ ಕೇಂದ್ರದಿಂದ ಹದಿಮೂರೋ ಹದಿನಾಲ್ಕೋ ಅರ್ಜಿ ಮೊದಲೇ ಬಂದಿದ್ದವು. ಮುಂದಿನ ಅಧಿವೇಶನಕ್ಕೆ ನಾನು ಹೀಗೆ ಪ್ರಶ್ನೆ ಬರೆದುಕೊಟ್ಟೆ:

(ಅ) ಪುನರ್ವಸತಿ ಕೇಂದ್ರಗಳ ನಿವಾಸಿಗಳು ಹಲವು ತೊಂದರೆಗಳನ್ನು ಎದುರಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?

ಉತ್ತರ ಬಂತು: (ಅ) ಬಂದಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ.

ಒಂದು ಅಧಿವೇಶನವೇ ಹೋಯಿತು. ಆ ಹಿರಿಯರಿಗೆ ಈ ಎರಡು ಸಾಲನ್ನು ಓದಿ ಹೇಳುವಾಗ ನನಗಾದ ಸಂಕಟವನ್ನು ಮರೆತಿಲ್ಲ. ತಪ್ಪು ನನ್ನದು, ಉತ್ತರ ಬರೆದ ಅಧಿಕಾರಿಯದಲ್ಲ. 'ಗಮನಕ್ಕೆ ಬಂದಿದೆಯೇ' ಎಂದು ಕೇಳಿದರೆ 'ಇಲ್ಲ' ಎನ್ನಲು ದಾರಿ ನಾವೇ ತೋರಿಸಿದಂತೆ. ಎರಡನೆಯ ಸಲ ಪ್ರಶ್ನೆ ಹೀಗಿತ್ತು:

(ಅ) ಸದರಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳಲ್ಲಿ ಹಂಚಿಕೆಯಾದ ನಿವೇಶನಗಳೆಷ್ಟು; ಹಕ್ಕುಪತ್ರ ವಿತರಿಸಿರುವುದು ಎಷ್ಟು ನಿವೇಶನಗಳಿಗೆ (ಕೇಂದ್ರವಾರು ವಿವರ ನೀಡುವುದು);
(ಆ) ಹಕ್ಕುಪತ್ರ ವಿತರಿಸಲು ಬಾಕಿ ಇರುವ ಪ್ರಕರಣಗಳು ಯಾವ ಕಚೇರಿಯಲ್ಲಿ, ಯಾವ ಹಂತದಲ್ಲಿ, ಯಾವ ದಿನಾಂಕದಿಂದ ಬಾಕಿ ಇವೆ;
(ಇ) ಸದರಿ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳಿಗೆ ಹಸ್ತಾಂತರಿಸಿದ ದಿನಾಂಕ ಯಾವುದು; ಹಸ್ತಾಂತರಿಸದಿದ್ದಲ್ಲಿ ಕಾರಣವೇನು;
(ಈ) ಬಾಕಿ ಹಕ್ಕುಪತ್ರಗಳನ್ನು ಯಾವ ಕಾಲಮಿತಿಯೊಳಗೆ ವಿತರಿಸಲಾಗುವುದು?

ಇದಕ್ಕೆ 'ಉದ್ಭವಿಸುವುದಿಲ್ಲ' ಎಂದು ಬರೆಯಲು ಬರುವುದಿಲ್ಲ. ಅನುಬಂಧ ಬಂತು. ನಮ್ಮ ಕೇಂದ್ರದ ಹೆಸರಿನ ಮುಂದೆ 'ವಿನ್ಯಾಸ ನಕ್ಷೆ ಅನುಮೋದನೆಗೆ ಬಾಕಿ' ಎಂಬ ಒಂದು ಸಾಲಿತ್ತು. ಅಲ್ಲಿಯವರೆಗೆ ಆ ಊರಿನವರು ಪಂಚಾಯಿತಿಯ ಬಾಗಿಲನ್ನೇ ತಟ್ಟುತ್ತಿದ್ದರು, ಕಡತ ನಿಂತಿದ್ದುದು ಬೇರೆ ಕಚೇರಿಯಲ್ಲಿ. ಆ ಒಂದು ಸಾಲು ಸಿಕ್ಕ ಮೇಲೆ ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು ಎಂಬುದು ಸ್ಪಷ್ಟವಾಯಿತು.

ಹಾಗಾಗಿ ಎಷ್ಟು, ಎಲ್ಲಿ, ಯಾವ ದಿನಾಂಕದಿಂದ, ಯಾವ ಕಚೇರಿಯಲ್ಲಿ, ಯಾವಾಗ ಎಂಬ ಪದಗಳಿಂದ ಪ್ರಶ್ನೆ ಕಟ್ಟಿ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯವಿರಲಿ. ವಾದ, ಆರೋಪ, ವ್ಯಂಗ್ಯ ಇರುವ ಪ್ರಶ್ನೆಯೂ ನ್ಯಾಯಾಲಯದ ಮುಂದಿರುವ ವಿಷಯದ ಪ್ರಶ್ನೆಯೂ ಸಚಿವಾಲಯದಲ್ಲೇ ತಿರಸ್ಕೃತವಾಗುತ್ತವೆ. ಭೂಸ್ವಾಧೀನ ಪರಿಹಾರದ ಎಷ್ಟೋ ವ್ಯಾಜ್ಯಗಳು ನ್ಯಾಯಾಲಯದಲ್ಲಿರುವ ನಮ್ಮ ಭಾಗದಲ್ಲಿ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ದರ ಸರಿಯೋ ತಪ್ಪೋ ಎಂದು ಕೇಳದೆ, ತೀರ್ಪಾದ ಪ್ರಕರಣಗಳಲ್ಲಿ ಪಾವತಿಯಾಗದ ಮೊತ್ತ ಎಷ್ಟು ಎಂದು ಕೇಳಬಹುದು. ಯಾವ ಇಲಾಖೆಗೆ ಯಾವ ದಿನ ಎಂಬುದು ಅಧಿವೇಶನಕ್ಕೆ ಮೊದಲೇ ನಿಗದಿಯಾಗಿರುತ್ತದೆ. ಸೂಚನೆ ಕೊಡಬೇಕಾದ ಕೊನೆಯ ದಿನಾಂಕವನ್ನು ಸಚಿವಾಲಯದ ಪ್ರಕಟಣೆಯಲ್ಲಿ ನೋಡಿ ಗೋಡೆಯ ಮೇಲೆ ಬರೆದು ಅಂಟಿಸಿ, ಏಕೆಂದರೆ ಒಂದು ದಿನ ತಪ್ಪಿದರೂ ಮುಂದಿನ ಅಧಿವೇಶನಕ್ಕೇ ಹೋಗಬೇಕು.

ರಾಜ್ಯದ ಕೈಯಲ್ಲಿರುವುದು ಯಾವುದು, ಕೇಂದ್ರದ್ದು ಯಾವುದು ಎಂದು ಬಿಡಿಸಿ ನೋಡುವುದನ್ನೂ ಕಲಿಯಬೇಕು. ಕಬ್ಬಿನ ಎಫ್‌ಆರ್‌ಪಿ ಎಂಬ ನ್ಯಾಯಯುತ ದರವನ್ನು ನಿಗದಿ ಮಾಡುವುದು ಕೇಂದ್ರ. ಆದರೆ 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು, ಬಾಕಿಯನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಬಹುದು. ವಸೂಲಿಯ ಕೆಲಸ ಜಿಲ್ಲಾಧಿಕಾರಿಯದು, ತೂಕದ ಯಂತ್ರದ ತಪಾಸಣೆ ಕಾನೂನು ಮಾಪನಶಾಸ್ತ್ರ ಇಲಾಖೆಯದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ಶಾಸಕರು ಸದನದಲ್ಲಿ 'ಕಬ್ಬಿಗೆ ದರ ಕೊಡಿ' ಎಂದು ಕೂಗುವುದರ ಜೊತೆಗೆ, ಕಳೆದ ಹಂಗಾಮಿನಲ್ಲಿ ಯಾವ ಕಾರ್ಖಾನೆಯ ತೂಕದ ಯಂತ್ರವನ್ನು ಯಾವ ದಿನ ತಪಾಸಣೆ ಮಾಡಲಾಯಿತು, ವಸೂಲಿಗೆ ಎಷ್ಟು ಪ್ರಮಾಣಪತ್ರ ಹೊರಡಿಸಲಾಯಿತು, ಬಡ್ಡಿ ಸಮೇತ ಹಣ ಪಡೆದ ರೈತರೆಷ್ಟು ಎಂದು ಕೇಳಿದರೆ ಉತ್ತರ ಕೊಡಬೇಕಾದವರು ರಾಜ್ಯದ ಮಂತ್ರಿಗಳೇ.

ಆಲಮಟ್ಟಿಯ ವಿಷಯವೂ ಹಾಗೆಯೇ. ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದೆ, 2013ರಲ್ಲಿ ಹೆಚ್ಚಿನ ವರದಿಯನ್ನೂ ಕೊಟ್ಟಿದೆ. ಅಧಿಸೂಚನೆ ಕೇಂದ್ರ ಸರ್ಕಾರದ ಕೈಯಲ್ಲಿದೆ. ಭೂಸ್ವಾಧೀನ, ಪರಿಹಾರ, ಪುನರ್ವಸತಿ ಕೇಂದ್ರದ ರಸ್ತೆ, ಚರಂಡಿ, ಸ್ಮಶಾನದ ಜಾಗ ಇವು ರಾಜ್ಯದ ಹೊಣೆ. ಮಹದಾಯಿಯಲ್ಲಿ 2018ರ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, 2020ರಲ್ಲಿ ಅಧಿಸೂಚನೆಯೂ ಆಯಿತು; ಆ ಬಳಿಕ ಅನುಮತಿಗಳಿಗಾಗಿ ರಾಜ್ಯ ಯಾವ ದಿನಾಂಕದಂದು ಯಾವ ಪ್ರಾಧಿಕಾರಕ್ಕೆ ಪತ್ರ ಬರೆಯಿತು ಎಂಬುದು ರಾಜ್ಯದ ಸದನದಲ್ಲಿ ಕೇಳಬಹುದಾದ ಪ್ರಶ್ನೆಯೇ.

ಉಳಿದ ಸಾಧನಗಳು ಮತ್ತು ಬೆಳಗಾವಿ ಅಧಿವೇಶನ

ತುರ್ತು ವಿಷಯಕ್ಕೆ ವಿಧಾನಸಭೆಯ ಕಾರ್ಯವಿಧಾನದ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ. ನಿಯಮ 60ರಡಿ, ಬೇರೆ ಕಲಾಪ ಬದಿಗಿಟ್ಟು ಚರ್ಚಿಸಿ ಎಂದು ಕೋರುವ ನಿಲುವಳಿ ಸೂಚನೆ ಕೊಟ್ಟರೆ ಸ್ಪೀಕರ್ ಅವರು ಬಹಳ ಸಲ ಅದನ್ನು ನಿಯಮ 69ಕ್ಕೆ ಬದಲಿಸಿ ಚರ್ಚೆಗೆ ಅವಕಾಶ ಕೊಡುತ್ತಾರೆ. ಕ್ಷೇತ್ರದ ಸಣ್ಣ ವಿಷಯಕ್ಕೆ ನಿಯಮ 351ರ ಪ್ರಸ್ತಾಪ ಸಾಕು. ಶೂನ್ಯವೇಳೆಯಲ್ಲಿ ಅವಕಾಶ ಸಿಕ್ಕರೆ ಊರಿನ ಹೆಸರು, ಕಚೇರಿಯ ಹೆಸರು, ಕೇಳಿಕೆ ಇಷ್ಟನ್ನೇ ಹೇಳಿ ಕುಳಿತುಕೊಳ್ಳಬೇಕು. ಪೀಠಿಕೆಗೆ ಸಮಯ ಕಳೆದರೆ ಕೇಳಿಕೆ ಹೇಳುವಷ್ಟರಲ್ಲಿ ಮೈಕು ಮುಂದಿನವರಿಗೆ ಹೋಗಿರುತ್ತದೆ.

ಆಡಳಿತ ಪಕ್ಷದ ಹಿಂದಿನ ಸಾಲಿನವರು ತಮ್ಮದೇ ಸರ್ಕಾರವನ್ನು ಕೇಳಲು ಅಳುಕುತ್ತಾರೆ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯಂತೆ ವಿಪ್ (ಪಕ್ಷದ ಆದೇಶ) ಕಟ್ಟಿಹಾಕುವುದು ಮತವನ್ನೇ ಹೊರತು ಪ್ರಶ್ನೆಯನ್ನಲ್ಲ. ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ ಎಂದು ಸಂವಿಧಾನದ 164ನೇ ವಿಧಿ ಹೇಳುವಾಗ ವಿಧಾನಸಭೆ ಎಂದರೆ ವಿರೋಧ ಪಕ್ಷದ ಸಾಲುಗಳಷ್ಟೇ ಅಲ್ಲ. ನಯವಾಗಿ, ಅಂಕಿ ಸಮೇತ ಕೇಳಿದ ಪ್ರಶ್ನೆಯಿಂದ ಯಾವ ಮಂತ್ರಿಯೂ ಮುನಿಸಿಕೊಂಡದ್ದನ್ನು ನಾನು ನೋಡಿಲ್ಲ.

2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಚಳಿಗಾಲದ ಅಧಿವೇಶನ ನಮ್ಮ ಭಾಗದ ಶಾಸಕರಿಗೆ ವರ್ಷದ ಮುಖ್ಯ ಸಂದರ್ಭ. ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಯ ದಿನಗಳಿಗೆ ತಳ್ಳಿ, ಖಾಲಿ ಕುರ್ಚಿಗಳ ಮುಂದೆ ಮಾತನಾಡುವಂತಾಗುವುದು ಬಹಳ ಸಲ ಕಂಡ ನೋವಿನ ಸಂಗತಿ. ಅದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಮೊದಲ ವಾರದ ಪ್ರಶ್ನೋತ್ತರ ವೇಳೆಗೇ ನಮ್ಮ ವಿಷಯಗಳು ಬರುವಂತೆ ಮೊದಲೇ ಸೂಚನೆ ಕೊಟ್ಟಿಡುವುದು. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು ಯಾವ ದರ್ಜೆಯಲ್ಲಿದೆ ಎಂದು ನೋಡಿಟ್ಟುಕೊಂಡು, ವಿಶೇಷ ಅಭಿವೃದ್ಧಿ ಯೋಜನೆಯಲ್ಲಿ ಆ ತಾಲ್ಲೂಕಿಗೆ ಹಂಚಿಕೆಯಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಹಂಚಿಕೆಯ ಅಂಕಿ ದೊಡ್ಡದಿರುತ್ತದೆ, ಊರಿಗೆ ತಲುಪುವುದು ಖರ್ಚಿನ ಅಂಕಿ.

ಆ ದಿನಗಳಲ್ಲಿ ಸೌಧದ ಸಮೀಪದ ಕೊಂಡಸಕೊಪ್ಪದ ಕಡೆ ಪ್ರತಿಭಟನೆಯ ಪೆಂಡಾಲುಗಳು ಎದ್ದಿರುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಕೂತು ಕೇಳಬೇಕು. ಅತಿಥಿ ಉಪನ್ಯಾಸಕರು, ಅಂಗನವಾಡಿ ಕಾರ್ಯಕರ್ತೆಯರು, ರೈತರು ತಂದ ಮನವಿಯಲ್ಲಿ ಇಲಾಖೆಯ ಸುತ್ತೋಲೆಯ ಸಂಖ್ಯೆ, ದಿನಾಂಕ ಎಲ್ಲವೂ ಇರುತ್ತವೆ. ಉಪಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಗ್ರಂಥಾಲಯದಲ್ಲೂ ಸಿಗದು.

ಸದನದ ಗದ್ದಲದಿಂದ ದೂರ, ಸಮಿತಿಗಳಲ್ಲಿ ನಿಜವಾದ ಪರಿಶೀಲನೆ ನಡೆಯುತ್ತದೆ. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಅಂದಾಜುಗಳ ಸಮಿತಿ, ಅರ್ಜಿಗಳ ಸಮಿತಿ, ಸರ್ಕಾರಿ ಭರವಸೆಗಳ ಸಮಿತಿ ಇವುಗಳಲ್ಲಿ ಒಂದರ ಸದಸ್ಯತ್ವ ಸಿಕ್ಕರೂ ಬಿಡಬೇಡಿ, ಸಭೆ ತಪ್ಪಿಸಬೇಡಿ. ಸಂವಿಧಾನದ 151ನೇ ವಿಧಿಯಂತೆ ಸದನದಲ್ಲಿ ಮಂಡನೆಯಾಗುವ ಮಹಾಲೇಖಪಾಲರ ವರದಿಗಳನ್ನು ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಅನುಬಂಧದ ಕೋಷ್ಟಕಗಳಲ್ಲಿ ನಿಮ್ಮ ಜಿಲ್ಲೆಯ ಹೆಸರನ್ನಾದರೂ ಹುಡುಕಿ. ಪೂರಕ ಅಂದಾಜುಗಳು ಬಂದಾಗಲೂ ಅಷ್ಟೇ: ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಏರಿತು, ಬಜೆಟ್ಟಿನಲ್ಲಿ ನಿಮ್ಮ ಕ್ಷೇತ್ರಕ್ಕೆ ಹೇಳಿದ ಕಾಮಗಾರಿ ಅದರಲ್ಲಿ ಇದೆಯೇ ಎಂದು ನೋಡಿ.

ಉತ್ತರ ಬಂದ ಮೇಲೆ

ಬಹಳ ಶಾಸಕರು ನಿಲ್ಲುವುದು ಇಲ್ಲಿಯೇ. ಉತ್ತರದ ಪ್ರತಿಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ವಿಷಯ ಅಲ್ಲಿಗೆ ತಣ್ಣಗಾಗುತ್ತದೆ. ಆದರೆ ಕೆಲಸದ ಅರ್ಧ ಉಳಿದಿರುವುದು ಆಮೇಲೆಯೇ. ಮಂತ್ರಿಗಳು 'ಮೂರು ತಿಂಗಳಲ್ಲಿ ಮಾಡಿಸುತ್ತೇನೆ' ಎಂದಿದ್ದರೆ ಆ ದಿನದ ನಡವಳಿಯ ಪುಟವನ್ನು ತೆಗೆಸಿ ಗೆರೆ ಹಾಕಿ ಇಡಿ, ಮೂರು ತಿಂಗಳ ಬಳಿಕದ ದಿನಾಂಕವನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ. ಆ ದಿನಾಂಕ ಮೀರಿದರೆ ಇಲಾಖೆಯ ಕಾರ್ಯದರ್ಶಿಗೆ ಪತ್ರ ಬರೆದು, ಅದರ ಪ್ರತಿಯನ್ನು ಸರ್ಕಾರಿ ಭರವಸೆಗಳ ಸಮಿತಿಗೆ ಕಳಿಸಿ. ಸದನದಲ್ಲಿ ಆಡಿದ ಮಾತನ್ನು ಈಡೇರಿಸಿದರೋ ಇಲ್ಲವೋ ಎಂದು ನೋಡುವುದಕ್ಕೆಂದೇ ಇರುವ ಸಮಿತಿ ಅದು.

ಎರಡನೆಯ ಜಾಗ ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ ಸಭೆ. ಅಲ್ಲಿ ಅಧ್ಯಕ್ಷತೆ ಶಾಸಕರದೇ. ಸಭೆಗೆ ಒಂದು ವಾರ ಮೊದಲೇ ಹಿಂದಿನ ಸಭೆಯ ಅನುಪಾಲನಾ ವರದಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯಿಂದ ತರಿಸಿಕೊಳ್ಳಿ. ಸಭೆಯಲ್ಲೇ ಕೈಗೆ ಸಿಕ್ಕರೆ ಓದಲು ಸಮಯವಿರುವುದಿಲ್ಲ. 'ಪ್ರಗತಿಯಲ್ಲಿದೆ' ಎಂಬ ಶಬ್ದ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ, ಸಭೆಯಲ್ಲಿ ಅಷ್ಟನ್ನೇ ಒಂದೊಂದಾಗಿ ಕೇಳಿ. ಸಿಟ್ಟಿನಲ್ಲಿ ಬೈದರೆ ಪತ್ರಿಕೆಗೆ ಸುದ್ದಿ ಸಿಗುತ್ತದೆ, ಕಡತ ಕದಲುವುದಿಲ್ಲ. ದಿನಾಂಕ ಕೇಳಿ, ಅದನ್ನು ನಡವಳಿಯಲ್ಲಿ ಬರೆಸಿ. ನಮ್ಮ ಪುನರ್ವಸತಿ ಕೇಂದ್ರದ ನಕ್ಷೆಗೆ ಅನುಮೋದನೆ ಸಿಕ್ಕಿದ್ದು ಹೀಗೆ ಮೂರು ಸಭೆಗಳಲ್ಲಿ ಬಿಡದೆ ಬರೆಸಿದ ಮೇಲೆ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ವರ್ಷಕ್ಕೆ 2 ಕೋಟಿ ರೂಪಾಯಿಯನ್ನು ಊರಿಗಿಷ್ಟು ಎಂದು ಹಂಚುವ ಬದಲು, ದಾಖಲೆ ಪುಸ್ತಕದಲ್ಲಿ ಮತ್ತೆ ಮತ್ತೆ ಕಂಡ ಬೇಡಿಕೆಗೆ ಮೊದಲು ಕೊಡಿ. ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ) ಸಕ್ರಮ ಸಮಿತಿಯ ಅಧ್ಯಕ್ಷತೆಯೂ ಶಾಸಕರಿಗೆ ಬರುತ್ತದೆ. ಅಲ್ಲಿ ಒಂದು ಅರ್ಜಿ ತಿರಸ್ಕಾರವಾದರೂ ಕಾರಣವನ್ನು ಅರ್ಜಿದಾರರಿಗೆ ಬರಹದಲ್ಲಿ ಕೊಡಿಸಿ, ಮೇಲ್ಮನವಿಗೆ ಅವರಿಗೆ ಆ ಕಾಗದವೇ ಆಧಾರ.

ಉತ್ತರವನ್ನು ಊರಿಗೆ ಮರಳಿಸುವುದನ್ನು ಮಾತ್ರ ಸಹಾಯಕರಿಗೆ ಬಿಡದೆ ಶಾಸಕರೇ ಮಾಡಬೇಕು. ನಮ್ಮ ಶಾಸಕರು ಆ ಕೇಂದ್ರದ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಕೂತು ಅನುಬಂಧವನ್ನು ಸಾಲು ಸಾಲಾಗಿ ಓದಿದರು. ಎಷ್ಟು ಮಂದಿಗೆ ಆಗಿದೆ, ಎಷ್ಟು ಬಾಕಿ, ಏಕೆ ಬಾಕಿ ಎಂದು ಕೇಳಿದ ಮೇಲೆ ಜನರೇ ಎದ್ದು, ಪಟ್ಟಿಯಲ್ಲಿ 'ವಿತರಿಸಲಾಗಿದೆ' ಎಂದಿದ್ದ ಕೆಲವು ಹೆಸರುಗಳವರಿಗೆ ಹಕ್ಕುಪತ್ರ ಬಂದೇ ಇಲ್ಲವೆಂದು ಹೇಳಿದರು. ಸರ್ಕಾರದ ಉತ್ತರದಲ್ಲಿದ್ದ ಆ ತಪ್ಪು ಮುಂದಿನ ಅಧಿವೇಶನದ ಪ್ರಶ್ನೆಯಾಯಿತು. ಕೊನೆಗೆ ಎಲ್ಲರಿಗೂ ಕಾಗದ ಸಿಗಲಿಲ್ಲ. ನಮ್ಮ ಅವಧಿ ಮುಗಿಯುವಾಗ ಕೆಲವು ಮನೆಗಳ ಕಡತ ಇನ್ನೂ ಸರ್ವೆ ಕಚೇರಿಯಲ್ಲಿತ್ತು.

ಅವಧಿ ಮುಗಿಯುವ ಆರು ತಿಂಗಳ ಮೊದಲು ದಾಖಲೆ ಪುಸ್ತಕದಲ್ಲಿ ಬಾಕಿ ಉಳಿದ ಅರ್ಜಿಗಳನ್ನೆಲ್ಲ ಪಟ್ಟಿ ಮಾಡಿ. ವಿಧಾನಸಭೆ ವಿಸರ್ಜನೆಯಾದಾಗ ಬಾಕಿ ಪ್ರಶ್ನೆಗಳೂ ಸೂಚನೆಗಳೂ ಬಿದ್ದುಹೋಗುತ್ತವೆ, ಸದನದ ಉತ್ತರಗಳು ಮಾತ್ರ ದಾಖಲೆಯಾಗಿ ಉಳಿಯುತ್ತವೆ. ಬಾಕಿ ಇರುವ ಪ್ರತಿಯೊಬ್ಬ ಅರ್ಜಿದಾರರಿಗೆ ಅವರ ವಿಷಯದ ಪ್ರಶ್ನೆಯ ಸಂಖ್ಯೆ, ಉತ್ತರದ ದಿನಾಂಕ, ಕೆಡಿಪಿ ನಡವಳಿಯ ಪುಟ, ಕಡತ ಈಗಿರುವ ಕಚೇರಿಯ ಹೆಸರು ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಉತ್ತರದ ಝೆರಾಕ್ಸ್ ಪ್ರತಿ ಲಗತ್ತಿಸಿ ಕೊಡಿ. ಮುಂದೆ ಯಾರೇ ಗೆದ್ದು ಬಂದರೂ ಆ ಮನುಷ್ಯ ಅದೇ ಹಾಳೆಯನ್ನು ಹೊಸ ಶಾಸಕರ ಮೇಜಿನ ಮೇಲೆ ಇಡಬಹುದು.